ಸಾಲಿನ ಅಗಲ ಮತ್ತು ಅಕ್ಷರದ ಅಳತೆ: ಗಣಕಯಂತ್ರದಲ್ಲಿ ಕನ್ನಡ ಪಠ್ಯವನ್ನು ಸಾಲುಗೊಳಿಸುವ ಸಮಸ್ಯೆ

ಕನ್ನಡ ಗದ್ಯಪಠ್ಯವೊಂದರ ಪದಪ್ರಯೋಗಸೂಚಿಯನ್ನು ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸುತ್ತಿದ್ದಾಗ ‘ನಾಟಕ’ ಎಂಬ ಪದವು ನಾವು ನಿರೀಕ್ಷಿಸದೆ ಇದ್ದಷ್ಟು ಸಲ ಕಾಣಿಸಿಕೊಂಡಿತು. ಭೂಕಂದಾಯವನ್ನು ಕುರಿತ ಆ ಪಠ್ಯದಲ್ಲಿ ರಂಗಭೂಮಿಯ ಪ್ರಸ್ತಾಪವೇ ಇರಲಿಲ್ಲ. ಕಡತವನ್ನು ತೆರೆದು ಸಾಲುಸಾಲಾಗಿ ನೋಡಿದಾಗ ಕಾರಣ ಸ್ಪಷ್ಟವಾಯಿತು. ನಮ್ಮ ಕೈ ಸೇರುವ ಮುನ್ನ ಯಾವುದೋ ಹಂತದಲ್ಲಿ ಆ ಕಡತವನ್ನು ಸಾಲಿಗೆ 72 ಸಂಕೇತಗಳಂತೆ ಕತ್ತರಿಸಲಾಗಿತ್ತು. ‘ಕರ್ನಾಟಕ’ ಎಂಬ ಪದವು ಸಾಲಿನ ಅಂಚಿಗೆ ಬಂದ ಕೆಲವೆಡೆಗಳಲ್ಲಿ ‘ಕರ್’ ಮೇಲಿನ ಸಾಲಿನಲ್ಲಿಯೂ ‘ನಾಟಕ’ ಕೆಳಗಿನ ಸಾಲಿನಲ್ಲಿಯೂ ಉಳಿದಿದ್ದವು. ಹೀಗೆ ‘ಕರ್ನಾಟಕ’ದ ಪ್ರಯೋಗಗಳು ಕಡಿಮೆಯಾಗಿ, ಇಲ್ಲದ ‘ನಾಟಕ’ವೊಂದು ಹುಟ್ಟಿಕೊಂಡಿತ್ತು. ಕಡತವನ್ನು ಕಳುಹಿಸಿದವರು ಯಾರೆಂಬುದು ಇಲ್ಲಿ ಅಪ್ರಸ್ತುತ. ಇಂತಹ ಕತ್ತರಿಕೆಯನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡುವುದಿಲ್ಲ. ಅದು ತಾನಾಗಿ ನಡೆದುಹೋಗುತ್ತದೆ ಎಂಬುದೇ ಆತಂಕದ ಸಂಗತಿ.

ಕರ್ನಾಟಕದ ಹೊರಗಿದ್ದು ಕನ್ನಡ ಸಂಶೋಧನೆ ನಡೆಸುವವರಿಗೆ ಮುದ್ರಿತ ಗ್ರಂಥ ಸುಲಭವಾಗಿ ದೊರೆಯದು. ಅವರು ಬಹುಮಟ್ಟಿಗೆ ಅವಲಂಬಿಸಿರುವುದು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಹರಿದುಬರುವ ಪಠ್ಯಕಡತಗಳನ್ನು. ಆದುದರಿಂದ ಪಠ್ಯವನ್ನು ನಿಗದಿತ ಅಗಲಕ್ಕೆ ಸಾಲುಗೊಳಿಸುವುದು ಎಂದರೇನು, ಇಂಗ್ಲಿಷಿಗಾಗಿ ರೂಪುಗೊಂಡ ಆ ವಿಧಾನ ಕನ್ನಡದಲ್ಲಿ ಏಕೆ ಎಡವುತ್ತದೆ, ಎಡವದಂತೆ ಮಾಡಲು ಏನು ಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ಗಣಕವಿಜ್ಞಾನದ ಪರಿಚಯವಿಲ್ಲದ ಓದುಗರನ್ನೂ ಗಮನದಲ್ಲಿರಿಸಿಕೊಂಡಿದ್ದೇವೆ.

ಮೂಲ ವಿಧಾನ ಬಹಳ ಸರಳವಾದುದು. ಕ್ರಮವಿಧಿಯು, ಅಂದರೆ ಪ್ರೋಗ್ರಾಂ, ಪಠ್ಯವನ್ನು ಪದಪದವಾಗಿ ಓದುತ್ತದೆ. ಸಾಲಿನಲ್ಲಿ ಉಳಿದಿರುವ ಜಾಗಕ್ಕೆ ಮುಂದಿನ ಪದ ಹಿಡಿಸಿದರೆ ಅಲ್ಲಿಯೇ ಇಡುತ್ತದೆ, ಹಿಡಿಸದಿದ್ದರೆ ತೆರಪಿನ ಸ್ಥಳದಲ್ಲಿ ಸಾಲುಮುರಿತದ ಸಂಕೇತವನ್ನಿಟ್ಟು ಹೊಸ ಸಾಲನ್ನು ಆರಂಭಿಸುತ್ತದೆ. ಒಂದೇ ಪದ ಇಡೀ ಸಾಲಿಗಿಂತ ಉದ್ದವಾಗಿದ್ದರೆ ಅದನ್ನು ಬಲವಂತವಾಗಿ ಕತ್ತರಿಸುತ್ತದೆ. ಇನ್ನೂ ಒರಟಾದ ಕ್ರಮವಿಧಿಗಳು ಪದದ ಗೊಡವೆಗೇ ಹೋಗದೆ ಎಣಿಕೆ ಮುಗಿದ ಕಡೆ ಕತ್ತರಿಸುತ್ತವೆ. ಅಗಲವನ್ನು ಬಹುಕಾಲದಿಂದ 72 ಅಥವಾ 80 ಎಂದು ಇಟ್ಟುಕೊಳ್ಳಲಾಗಿದೆ. 80 ಎಂಬ ಸಂಖ್ಯೆಯ ಮೂಲವನ್ನು ಐಬಿಎಂ ಸಂಸ್ಥೆ 1928ರಲ್ಲಿ ತಂದ 80 ಅಂಕಣಗಳ ರಂಧ್ರಪತ್ರದಲ್ಲಿ ಕಾಣಬಹುದು. ರಂಧ್ರಪತ್ರಗಳು ಮರೆಯಾದರೂ ಅವುಗಳ ಅಗಲ ಪರದೆಗಳಿಗೆ ದಾಟಿತು. ಮಿಂಚಂಚೆಯ ಸ್ವರೂಪವನ್ನು ನಿರ್ದೇಶಿಸುವ ದಾಖಲೆಯೂ ಸಾಲು 78 ಸಂಕೇತಗಳನ್ನು ಮೀರದಿರಲಿ ಎಂದು ಸಲಹೆ ಮಾಡುತ್ತದೆ.

ಈ ವಿಧಾನದಲ್ಲಿ ಹೇಳದೆಯೇ ಒಪ್ಪಿಕೊಂಡ ಒಂದು ಸಮೀಕರಣವಿದೆ. ಒಂದು ಸಂಕೇತವೆಂದರೆ ಒಂದು ಅಕ್ಷರ; ಒಂದು ಅಕ್ಷರವೆಂದರೆ ಪರದೆಯ ಮೇಲೆ ಒಂದು ಅಂಕಣ. ಇಂಗ್ಲಿಷಿನಲ್ಲಿ ಇದು ಬಹುಮಟ್ಟಿಗೆ ನಿಜ. ಕನ್ನಡದಲ್ಲಿ ಇದರ ಎರಡು ಭಾಗಗಳೂ ಸುಳ್ಳು.

ಭಾರತೀಯ ಲಿಪಿಗಳ ವಿಷಯದಲ್ಲಿ ಈ ತೊಡಕನ್ನು ವ್ಯವಸ್ಥಿತವಾಗಿ ಎದುರಿಸಿದ ಕೆಲಸದ ಬಹುಭಾಗ ಪುಣೆಯಲ್ಲಿ ನಡೆಯಿತೆಂಬುದನ್ನು ಇಲ್ಲಿ ನೆನೆಯಬೇಕು. 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆ ಪರಮ್ ಮಹಾಗಣಕಗಳಿಂದ ಹೆಸರಾಯಿತಾದರೂ ಭಾಷಾಸಂಶೋಧಕರ ಪಾಲಿಗೆ ಅದರ ಹೆಚ್ಚಿನ ಕೊಡುಗೆ ಜಿಸ್ಟ್ ಎಂಬ ತಂತ್ರಜ್ಞಾನ. ಕಾನ್ಪುರದ ಐಐಟಿಯಲ್ಲಿ ಮೊಳೆತ ಈ ಕಾರ್ಯ ಪುಣೆಯಲ್ಲಿ ಬೆಳೆಯಿತು. ಡಾಸ್ ವ್ಯವಸ್ಥೆಯ ಗಣಕಯಂತ್ರಕ್ಕೆ ಜಿಸ್ಟ್ ಕಾರ್ಡನ್ನು ಅಳವಡಿಸಿದರೆ, ಇಂಗ್ಲಿಷಿಗೆಂದೇ ಬರೆದ ಕ್ರಮವಿಧಿಗಳೊಳಗೆ ಕನ್ನಡವನ್ನೋ ಮರಾಠಿಯನ್ನೋ ಟೈಪು ಮಾಡಿ ಓದಬಹುದಾಗಿತ್ತು. ಆ ಪರದೆಯಾದರೋ 80 ಅಂಕಣ, 25 ಸಾಲುಗಳ ಚೌಕಟ್ಟು. ಕನ್ನಡವನ್ನು ನಿಗದಿತ ಅಗಲದ ಅಂಕಣಗಳಿಗೆ ಒಗ್ಗಿಸುವ ಇಕ್ಕಟ್ಟು ಅಲ್ಲಿ ಪ್ರತಿದಿನದ ಸಂಗತಿಯಾಗಿತ್ತು.

1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಐಎಸ್ 13194 ಎಂಬ ಹೆಸರಿನಲ್ಲಿ ಅಂಗೀಕರಿಸಿದ ಇಸ್ಕಿ ಸಂಕೇತಪಟ್ಟಿ ಈ ಪ್ರಯತ್ನಗಳೊಂದಿಗೆ ಹೆಣೆದುಕೊಂಡಿರುವುದು. ಇದರ ತಿರುಳಾದ ನಿರ್ಧಾರವೊಂದನ್ನು ಗಮನಿಸಬೇಕು. ಇಸ್ಕಿಯಲ್ಲಿ ಸಂಕೇತ ದೊರೆಯುವುದು ಅಕ್ಷರದ ಆಕೃತಿಗಲ್ಲ, ಅದರ ಘಟಕಗಳಾದ ವ್ಯಂಜನ, ಸ್ವರ, ಸ್ವರಚಿಹ್ನೆ ಮತ್ತು ಹಲಂತಗಳಿಗೆ. ಬ್ರಾಹ್ಮೀಮೂಲದ ಲಿಪಿಗಳೆಲ್ಲ ಒಂದೇ ಪಟ್ಟಿಯನ್ನು ಹಂಚಿಕೊಳ್ಳಲು ಸಾಧ್ಯವಾದುದು ಇದರಿಂದಲೇ. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯು ಇಸ್ಕಿಯ 1988ರ ರೂಪವನ್ನು ಆಧರಿಸಿ, ಪ್ರತಿ ಲಿಪಿಗೂ ಪ್ರತ್ಯೇಕ ಸ್ಥಳ ಕಲ್ಪಿಸಿದರೂ ಈ ತತ್ತ್ವವನ್ನು ಉಳಿಸಿಕೊಂಡಿತು. ಇಂದು ನಾವು ಟೈಪು ಮಾಡುವ ಕನ್ನಡ ಒಳಗೆ ಇರುವುದು ಹೀಗೆಯೇ.

ಒಂದು ಉದಾಹರಣೆಯನ್ನು ನೋಡೋಣ. ‘ರಾಷ್ಟ್ರಕೂಟ’ ಎಂಬ ಪದದಲ್ಲಿ ಕನ್ನಡ ಓದುಗ ಎಣಿಸುವುದು ನಾಲ್ಕು ಅಕ್ಷರಗಳನ್ನು: ರಾ, ಷ್ಟ್ರ, ಕೂ, ಟ. ಕಡತದಲ್ಲಿ ಇರುವುದು 10 ಸಂಕೇತಗಳು: ರಕಾರ, ದೀರ್ಘದ ಚಿಹ್ನೆ, ಷಕಾರ, ಹಲಂತ, ಟಕಾರ, ಹಲಂತ, ರಕಾರ, ಕಕಾರ, ಊಕಾರದ ಚಿಹ್ನೆ, ಟಕಾರ. ಇಂದು ಸಾಮಾನ್ಯವಾಗಿರುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತ ಮೂರು ಬೈಟುಗಳನ್ನು ಬೇಡುವುದರಿಂದ ಅದೇ ಪದ 30 ಬೈಟುಗಳಾಗುತ್ತದೆ. ನಾಲ್ಕು, ಹತ್ತು, ಮೂವತ್ತು: ಈ ಮೂರರಲ್ಲಿ ಕ್ರಮವಿಧಿ ಯಾವುದನ್ನು ಎಣಿಸುತ್ತಿದೆ ಎಂಬುದರ ಮೇಲೆ ಸಾಲು ಎಲ್ಲಿ ಮುರಿಯುವುದೆಂಬುದು ನಿರ್ಧಾರವಾಗುತ್ತದೆ.

ಬೈಟುಗಳನ್ನೆಣಿಸಿದರೆ ಒಂದು ಸಂಕೇತವೇ ನಡುವೆ ತುಂಡಾಗಬಹುದು. 72 ಎಂಬುದು ಮೂರರಿಂದ ಭಾಗವಾಗುತ್ತದೆಯಾದರೂ ತೆರಪಿಗೆ ಒಂದೇ ಬೈಟು ಸಲ್ಲುವುದರಿಂದ ಲೆಕ್ಕ ಕದಲುತ್ತದೆ, ಸಾಲಿನ ಕೊನೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಈ ದೋಷ ಕಣ್ಣಿಗೆ ಹೊಡೆಯುವಂತಹುದಾದುದರಿಂದ ಅಪಾಯ ಕಡಿಮೆ. ಸಂಕೇತಗಳನ್ನೆಣಿಸಿದಾಗ ಆಗುವ ದೋಷ ಹಾಗಲ್ಲ. ಅಲ್ಲಿ ದೊರೆಯುವ ತುಂಡುಗಳು ಕನ್ನಡದಂತೆಯೇ ತೋರುತ್ತವೆ. ‘ಕರ್ನಾಟಕ’ದಲ್ಲಿ ಸಂಕೇತಗಳು ಏಳು, ಅಕ್ಷರಗಳು ನಾಲ್ಕು. ಹಲಂತದ ಬಳಿಕ ಸಾಲು ಮುರಿದರೆ ಮೇಲೆ ‘ಕರ್’, ಕೆಳಗೆ ‘ನಾಟಕ’. ಎರಡೂ ಓದಲು ಬರುವಂತಹವೇ, ಎರಡನೆಯದಂತೂ ನಿಘಂಟಿನಲ್ಲಿಯೂ ಉಂಟು.

ಆಕೃತಿಗಳಿಗೇ ಸಂಕೇತ ಕೊಟ್ಟಿದ್ದ ಹಳೆಯ ಅಕ್ಷರಶೈಲಿಗಳಲ್ಲಿ ಇದೇ ಪದದ ಗತಿ ಬೇರೆ. ಸಿ-ಡ್ಯಾಕ್‌ನ ಇಸ್‌ಫಾಕ್, ಯೂನಿಕೋಡ್‌ಗೆ ಮುನ್ನಿನ ನುಡಿ, ಬರಹ ಮುಂತಾದವುಗಳಲ್ಲಿ ಸಂಗ್ರಹವಾದ ಪಠ್ಯಗಳು ಇಂದಿಗೂ ಸಂಶೋಧಕರ ಕೈಯಲ್ಲಿವೆ. ಅವುಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಎಂದರೆ ‘ನಾ’ ಆದ ಮೇಲೆ, ಬರುತ್ತದೆ. ಅದರ ಮುನ್ನ ಸಾಲು ಮುರಿದರೆ ಕೆಳಗಿನ ಸಾಲು ಅರ್ಕಾವೊತ್ತಿನಿಂದ ಆರಂಭವಾಗುತ್ತದೆ, ಅದು ಕನ್ನಡದ ಒಂಬತ್ತರ ಅಂಕೆಯಂತೆ ಕಾಣುತ್ತದೆ. ಇಂತಹ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಮುನ್ನ ಸಾಲುಗಳನ್ನು ಸೇರಿಸದಿದ್ದರೆ ಪರಿವರ್ತಕವು ಒಂಟಿ ಒತ್ತಕ್ಷರವನ್ನು ಯಾವ ವ್ಯಂಜನಕ್ಕೆ ಅಂಟಿಸಬೇಕೆಂದು ತಿಳಿಯದೆ ಹೊಸ ತಪ್ಪುಗಳನ್ನು ಸೇರಿಸುತ್ತದೆ. ಮೊದಲು ಸಾಲು, ಆಮೇಲೆ ಸಂಕೇತ ಎಂಬ ಕ್ರಮವನ್ನು ಪಾಲಿಸುವುದು ಲೇಸು.

ಹಾಗಾದರೆ ಎಣಿಸಬೇಕಾದುದು ಅಕ್ಷರವನ್ನು. ವ್ಯಂಜನ, ಅದರ ಬಳಿಕ ಎಷ್ಟು ಬಾರಿಯಾದರೂ ಹಲಂತ ಮತ್ತು ವ್ಯಂಜನದ ಜೋಡಿ, ಬಳಿಕ ಇದ್ದರೆ ಸ್ವರಚಿಹ್ನೆ, ಕೊನೆಗೆ ಇದ್ದರೆ ಅನುಸ್ವಾರ ಅಥವಾ ವಿಸರ್ಗ: ಇಷ್ಟನ್ನು ಒಂದು ಘಟಕವೆಂದು ತಿಳಿಯುವ ನಿಯಮವನ್ನು ಯಾವ ಕ್ರಮವಿಧಿಭಾಷೆಯಲ್ಲಿಯೂ ಒಂದೆರಡು ಸಾಲಿನಲ್ಲಿ ಬರೆಯಬಹುದು. ಮೂರು ಸಂಗತಿಗಳನ್ನು ಅದಕ್ಕೆ ಸೇರಿಸಬೇಕು. ‘ಫ಼’, ‘ಜ಼’ಗಳಲ್ಲಿ ವ್ಯಂಜನದ ಕೆಳಗೆ ಬರುವ ಚುಕ್ಕೆ ಘಟಕದ ಭಾಗವೇ. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಾಗದಂತೆ ತಡೆಯುವ, ‘ರ‍್ಯಾಂಕ್’ ಎಂಬಲ್ಲಿ ರಕಾರವನ್ನು ಅರ್ಕಾವೊತ್ತಾಗದಂತೆ ತಡೆಯುವ ಅಗೋಚರ ಸಂಕೇತಗಳಿಗೆ ಅಗಲವೇ ಇಲ್ಲ, ಆದರೆ ಎಣಿಕೆಯಲ್ಲಿ ಅವು ನುಸುಳುತ್ತವೆ. ಇನ್ನು, ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಲು ಯೂನಿಕೋಡ್ ಅವಕಾಶ ನೀಡಿದೆ. ‘ಹೋ’ ಎಂಬುದು ಎರಡು ಸಂಕೇತವೂ ಆಗಬಹುದು, ನಾಲ್ಕೂ ಆಗಬಹುದು. ಎಣಿಕೆಗೆ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಅಗತ್ಯ.

ಇಷ್ಟನ್ನು ತಂತ್ರಾಂಶಗಳು ತಾವೇ ಮಾಡುವುದಿಲ್ಲವೇ ಎಂದು ಓದುಗರು ಕೇಳಬಹುದು. ಬಳಕೆದಾರರು ಒಂದೆಂದು ಗ್ರಹಿಸುವ ಘಟಕಗಳನ್ನು ಗುರುತಿಸಲು ಯೂನಿಕೋಡ್‌ನಲ್ಲಿ ನಿಯಮಗಳಿವೆ ಎಂಬುದು ದಿಟ. ಆದರೆ ಬಹುಕಾಲ ಅವು ಹಲಂತದ ಬಳಿಕ ಘಟಕ ಮುಗಿಯಿತೆಂದೇ ಬಗೆಯುತ್ತಿದ್ದವು. ಆ ಲೆಕ್ಕದಲ್ಲಿ ‘ರಾಷ್ಟ್ರಕೂಟ’ದಲ್ಲಿ ಆರು ಘಟಕಗಳು: ರಾ, ಷ್, ಟ್, ರ, ಕೂ, ಟ. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ನಿಯಮ ಸೇರ್ಪಡೆಯಾಯಿತು. ಆದರೆ ಅದನ್ನು ಅನ್ವಯಿಸಿದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪುಣೆಯಲ್ಲಿ ಕುಳಿತು ರಾಷ್ಟ್ರಕೂಟರ ಬಗೆಗೆ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಟಿಪ್ಪಣಿ ಮಾಡಿಕೊಳ್ಳುವ ಸಂಶೋಧಕರೊಬ್ಬರನ್ನು ಊಹಿಸಿಕೊಳ್ಳಿ. ಆ ಆವೃತ್ತಿಯ ನಿಯಮವನ್ನು ಯಥಾವತ್ತಾಗಿ ಪಾಲಿಸುವ ಕ್ರಮವಿಧಿಯಲ್ಲಿ ಅದೇ ಪದ ದೇವನಾಗರಿಯಲ್ಲಿ ನಾಲ್ಕು ಘಟಕ, ಕನ್ನಡದಲ್ಲಿ ಆರು. ಲಿಪಿಗಳ ರಚನೆಯಲ್ಲಿ ಇದಕ್ಕೆ ಆಧಾರವಿಲ್ಲ. ಕನ್ನಡಕ್ಕೆ ತೀರ ಹತ್ತಿರದ ತೆಲುಗಿಗೆ ದೊರೆತದ್ದು ಕನ್ನಡಕ್ಕೆ ದೊರೆಯಲಿಲ್ಲ, ಅಷ್ಟೆ. ಕ್ರಮವಿಧಿ ರಚಿಸುವವರು ಸಿದ್ಧ ಸಾಧನವನ್ನು ನಂಬದೆ ಮೇಲೆ ಹೇಳಿದ ನಿಯಮವನ್ನು ತಾವೇ ಬರೆದುಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಅಕ್ಷರವನ್ನು ಗುರುತಿಸಿದ ಮಾತ್ರಕ್ಕೆ ಅಗಲ ದೊರೆಯಿತೆಂದಲ್ಲ. ‘ರ’, ‘ದ’ಗಳಿಗಿಂತ ‘ಮ’, ‘ಝ’ಗಳು ಹೆಚ್ಚು ಅಗಲ. ಒತ್ತಕ್ಷರ ಕೆಲವೆಡೆ ಕೆಳಗೇ ಅಡಗುತ್ತದೆ, ಕೆಲವೆಡೆ ಬಲಕ್ಕೆ ಚಾಚುತ್ತದೆ. ದೀರ್ಘದ ಚಿಹ್ನೆ ತನ್ನದೇ ಜಾಗವನ್ನು ಕೇಳುತ್ತದೆ. ಎಲ್ಲ ಅಕ್ಷರಗಳೂ ಸಮಾನ ಅಗಲವಾಗಿರುವ ಕನ್ನಡ ಅಕ್ಷರಶೈಲಿ ಕಣ್ಣಿಗೆ ಹಿತವಾಗಿರುವುದು ಕಷ್ಟ. ಆದುದರಿಂದ ನಿಜವಾದ ಅಗಲವನ್ನು ತಿಳಿಯಬೇಕಾದರೆ ಅಕ್ಷರಶೈಲಿಯನ್ನೇ ಕೇಳಬೇಕು: ಪದವನ್ನು ಅದರ ಪೂರ್ಣ ಆಕೃತಿಗೆ ತಂದು, ಆಮೇಲೆ ಅಳೆಯಬೇಕು. ಪುಟವಿನ್ಯಾಸದ ತಂತ್ರಾಂಶಗಳು ಮಾಡುವುದು ಇದನ್ನೇ. ಬರಿಯ ಪಠ್ಯವನ್ನು ಸಾಲುಗೊಳಿಸುವ ಸಣ್ಣ ಕ್ರಮವಿಧಿಗೆ ಅಷ್ಟು ಸೌಕರ್ಯ ಇರದು. ಅದು ಅಕ್ಷರಸಂಖ್ಯೆಯನ್ನೇ ಅಗಲವೆಂದು ತಿಳಿದರೆ ಬಲ ಅಂಚು ಏರುಪೇರಾಗುವುದು ನಿಜ, ಆದರೆ ಪದಗಳಿಗೆ ಹಾನಿಯಾಗದು. ಅಂಚಿನ ಅಂದಕ್ಕಿಂತ ಪದದ ಅಖಂಡತೆ ಸಂಶೋಧಕನಿಗೆ ಮುಖ್ಯ.

ಇನ್ನು ಭಾಷೆಯ ಕಡೆಗೆ ಬರೋಣ. ಕನ್ನಡದಲ್ಲಿ ಪ್ರತ್ಯಯಗಳೂ ಸಹಾಯಕ ಕ್ರಿಯಾಪದಗಳೂ ಹಿಂದಿನ ಪದಕ್ಕೆ ಬೆಸೆದುಕೊಳ್ಳುತ್ತವೆ. ‘ಹೋಗಬೇಕಾಗಿರುವುದರಿಂದ’ ಎಂಬ ತೀರ ಸಾಮಾನ್ಯ ರೂಪದಲ್ಲಿಯೇ 10 ಅಕ್ಷರಗಳು, 18 ಸಂಕೇತಗಳು ಇವೆ. ಇಂತಹ ಪದಗಳನ್ನು ಇಡಿಯಾಗಿಯೇ ಕೆಳಗಿಳಿಸುತ್ತ ಹೋದರೆ ಕಿರಿದಾದ ಅಂಕಣದಲ್ಲಿ ಅರ್ಧಕ್ಕರ್ಧ ಬರಿದಾದ ಸಾಲುಗಳು ಉಳಿಯುತ್ತವೆ. 1981ರಲ್ಲಿ ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ ಪ್ರಕಟಿಸಿದ, ಟೆಕ್ ವ್ಯವಸ್ಥೆಯಲ್ಲಿ ಬಳಕೆಯಲ್ಲಿರುವ ವಿಧಾನವು ಸಾಲನ್ನು ಬಿಡಿಯಾಗಿ ನೋಡದೆ ಇಡೀ ಪ್ಯಾರಾದ ತೆರಪುಗಳನ್ನು ಒಟ್ಟಿಗೆ ತೂಗಿನೋಡುತ್ತದೆ. ಆದರೆ ತೂಗಲು ಬೇಕಾದಷ್ಟು ತೆರಪುಗಳೇ ಇಲ್ಲದೆಡೆ ಅದೂ ಅಸಹಾಯಕ. ಕೊನೆಗೆ ಪದವನ್ನು ಒಡೆಯಲೇಬೇಕು.

ಎಲ್ಲಿ ಒಡೆಯಬೇಕು? ಕನ್ನಡ ಪತ್ರಿಕೆಗಳ ರೂಢಿ ಎರಡು ಅಕ್ಷರಗಳ ನಡುವೆ ಎಲ್ಲಿಯಾದರೂ ಅಡ್ಡಗೆರೆಯಿಟ್ಟು ಒಡೆಯುವುದು. ತೆರಪಿಲ್ಲದೆ ಬರೆಯುತ್ತಿದ್ದ ತಾಳೆಯೋಲೆಯ ಲಿಪಿಕಾರರು ಅಡ್ಡಗೆರೆಯನ್ನೂ ಇಡುತ್ತಿರಲಿಲ್ಲ. ಓಲೆಯ ಅಂಚು ಬಂದರೆ ಅಕ್ಷರವನ್ನು ಮುಗಿಸಿ ಕೆಳಗಿಳಿಯುತ್ತಿದ್ದರು. ಅವರೂ ಅಕ್ಷರವನ್ನು ಒಡೆಯುತ್ತಿರಲಿಲ್ಲ ಎಂಬುದು ಗಮನಾರ್ಹ. ಓದುವವನಿಗೆ ನೆರವಾಗಬೇಕೆಂದು ವ್ಯಾಕರಣದ ಬೆಸುಗೆಯಲ್ಲಿಯೇ ಒಡೆಯಬೇಕೆಂದು ವಾದಿಸುವವರಿದ್ದಾರೆ. ಆದರೆ ಸಂಧಿಯ ಸ್ವರೂಪವನ್ನು ನೋಡಿದರೆ ಇದು ಎಲ್ಲೆಡೆ ಸಾಧ್ಯವಿಲ್ಲ. ‘ಮನೆ’ ಮತ್ತು ‘ಅನ್ನು’ ಸೇರಿ ‘ಮನೆಯನ್ನು’ ಆದಾಗ ಯಕಾರ ಆಗಮವಾಗಿ ಬೆಸುಗೆ ಅಕ್ಷರದ ಎಲ್ಲೆಯಲ್ಲಿಯೇ ಬೀಳುತ್ತದೆ: ‘ಮನೆ’ ಮೇಲೆ, ‘ಯನ್ನು’ ಕೆಳಗೆ. ‘ಮಳೆಗಾಲ’ದಂತಹ ಆದೇಶಸಂಧಿಯಲ್ಲಿಯೂ ತೊಡಕಿಲ್ಲ. ಲೋಪಸಂಧಿಯ ಮಾತೇ ಬೇರೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಮೊದಲ ಪದದ ಕೊನೆಯ ರ್‌ಕಾರವೂ ಎರಡನೆಯದರ ಮೊದಲ ಅಕಾರವೂ ‘ರ’ ಎಂಬ ಒಂದೇ ಅಕ್ಷರದಲ್ಲಿ ಕೂಡಿಹೋಗಿವೆ. ಬೆಸುಗೆ ಅಕ್ಷರದ ಒಡಲೊಳಗಿದೆ, ಅಲ್ಲಿ ಕತ್ತರಿಯಿಡುವಂತಿಲ್ಲ. ಮೇಲಿನ ‘ಹೋಗಬೇಕಾಗಿರುವುದರಿಂದ’ದಲ್ಲಿಯೂ ‘ಆಗಿ’, ‘ಇರು’ಗಳು ಕೂಡಿರುವುದು ‘ಗಿ’ ಎಂಬ ಅಕ್ಷರದೊಳಗೆ. ಆದರೆ ‘ಹೋಗ’ ಎಂಬುದರ ಬಳಿಕ ಒಡೆದರೆ ಯಾವ ಹಾನಿಯೂ ಇಲ್ಲ. ಕನ್ನಡದಲ್ಲಿ ಲೋಪಸಂಧಿ ಬಹಳ ಹೆಚ್ಚಾಗಿರುವುದರಿಂದ ಬೆಸುಗೆಯ ನಿಯಮವನ್ನೇ ನೆಚ್ಚಿದ ಕ್ರಮವಿಧಿ ಅಡಿಗಡಿಗೂ ನಿಲ್ಲಬೇಕಾಗುತ್ತದೆ. ಅಕ್ಷರದ ಎಲ್ಲೆಯೇ ಕಡ್ಡಾಯ ನಿಯಮ, ಬೆಸುಗೆ ದೊರೆತಲ್ಲಿ ಅದಕ್ಕೆ ಆದ್ಯತೆ ಎಂದು ಇಟ್ಟುಕೊಳ್ಳುವುದು ಸಾಧುವೆಂದು ತೋರುತ್ತದೆ. ಟೆಕ್ ವ್ಯವಸ್ಥೆಗೆ ದೊರೆಯುವ ಕನ್ನಡದ ಪದವಿಭಜನ ಮಾದರಿಗಳೂ ಲಿಪಿಯ ಘಟಕವನ್ನೇ ಆಧರಿಸಿವೆ, ವ್ಯಾಕರಣವನ್ನಲ್ಲ.

ಇದುವರೆಗೆ ಹೇಳಿದ್ದೆಲ್ಲ ಸಾಲನ್ನು ಹೇಗೆ ಮುರಿಯಬೇಕೆಂಬುದರ ಬಗೆಗೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುದು, ಮುರಿದ ಸಾಲನ್ನು ಕಡತದಲ್ಲಿ ಉಳಿಸಬೇಕೇ ಎಂಬ ಪ್ರಶ್ನೆ. ಗದ್ಯದಲ್ಲಿ ಸಾಲುಮುರಿತ ಪರದೆಯ ಅಥವಾ ಕಾಗದದ ಅಗಲದಿಂದ ಒದಗಿದ ಆಕಸ್ಮಿಕ. ಅದನ್ನು ತೋರಿಸುವಾಗ ಮಾಡಬೇಕು, ಕಡತದಲ್ಲಿ ಬರೆದಿಡಬಾರದು. ಶಾಸನದಲ್ಲಿ ಹಾಗಲ್ಲ. 16 ಸಾಲುಗಳ ಹಲ್ಮಿಡಿ ಶಾಸನವನ್ನು ಯಾರೂ ಹತ್ತು ಸಾಲುಗಳಲ್ಲಿ ಬರೆದು ಅದು ಅದೇ ಎನ್ನುವಂತಿಲ್ಲ. 1886ರಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಆರಂಭಿಸಿದಂದಿನಿಂದ ಕನ್ನಡ ಶಾಸನಾಧ್ಯಯನ ಸಾಲುಸಂಖ್ಯೆಯ ಉಲ್ಲೇಖದ ಮೇಲೆಯೇ ನಡೆದುಬಂದಿದೆ. ಕಲ್ಲು ಒಡೆದು ಅಕ್ಷರ ನಷ್ಟವಾದಾಗ ಎಷ್ಟು ಅಕ್ಷರ ಹೋಗಿರಬಹುದೆಂದು ಊಹಿಸುವುದೂ ಅಕ್ಕಪಕ್ಕದ ಸಾಲುಗಳ ಉದ್ದದಿಂದಲೇ. ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರ ಜಿಲ್ಲೆಗಳ ಕನ್ನಡ ಶಾಸನಗಳನ್ನು ಗಣಕಯಂತ್ರಕ್ಕೆ ಏರಿಸುವವರು ಪಾಠವನ್ನು ಯಾವುದೋ ಸಂಪಾದಕ ತಂತ್ರಾಂಶದಲ್ಲಿ ತೆರೆದು, ಅದು ತಾನಾಗಿ ಸಾಲುಗಳನ್ನು ಮರುಜೋಡಿಸಿ ಉಳಿಸಿಬಿಟ್ಟರೆ, ಕಲ್ಲಿನ ಸಾಕ್ಷ್ಯವೊಂದು ಯಾರ ಗಮನಕ್ಕೂ ಬಾರದೆ ಅಳಿಸಿಹೋದಂತೆ.

ಶಾಸನದಲ್ಲಿ ಪದದ ನಡುವೆ ಸಾಲು ಮುಗಿಯುವುದು ಸಾಮಾನ್ಯ. ಅದನ್ನು ಬರಿಯ ಸಾಲುಮುರಿತವಾಗಿ ಬರೆದರೆ ಪದ ತುಂಡಾಗುತ್ತದೆ, ಬರೆಯದಿದ್ದರೆ ಸಾಲು ಕಳೆದುಹೋಗುತ್ತದೆ. ಟಿಇಐ ಎಂಬ ಪಠ್ಯಗುರುತು ಪದ್ಧತಿ ಇದಕ್ಕೆ ಒಳ್ಳೆಯ ಪರಿಹಾರ ಒದಗಿಸಿದೆ. ಅಲ್ಲಿ ಸಾಲಿನ ಆರಂಭ ಒಂದು ಗುರುತು ಮಾತ್ರ. ಅದು ಪದವನ್ನು ಒಡೆಯುವುದಿಲ್ಲವೆಂದು ಅದರೊಳಗೇ ಸೂಚಿಸಬಹುದು. ಹುಡುಕುವ ಕ್ರಮವಿಧಿಗೆ ಪದ ಇಡಿಯಾಗಿ ಸಿಗುತ್ತದೆ, ಓದುಗನಿಗೆ ಸಾಲು ಉಳಿಯುತ್ತದೆ.

ಪದ್ಯದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆಗಳು, 3 ಮತ್ತು 6ನೆಯ ಸಾಲುಗಳಲ್ಲಿ ಕೊನೆಯ ಗುರುವೂ ಸೇರಿ 23. ಈ ಉದ್ದದ ಸಾಲುಗಳು ಕಿರಿದಾದ ಪರದೆಯಲ್ಲಿ ಮುರಿದರೆ ಆರು ಸಾಲಿನ ಪದ್ಯ ಎಂಟಾಗಿ ತೋರುತ್ತದೆ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರಬೇಕಾದ ಆದಿಪ್ರಾಸದ ಕಂಬ ಕುಸಿಯುತ್ತದೆ. ಕುಮಾರವ್ಯಾಸನಂತಹ ಕವಿಗಳಲ್ಲಿ ಸಾಲು ಪದದ ನಡುವೆಯೇ ಮುಗಿದು ಮುಂದಿನ ಸಾಲಿಗೆ ಹರಿಯುವುದೂ ಉಂಟು. ಅಲ್ಲಿನ ಮುರಿತ ಛಂದಸ್ಸಿನದು, ಕ್ರಮವಿಧಿಯ ತಪ್ಪಲ್ಲ; ಅದನ್ನು ‘ಸರಿಪಡಿಸಿದರೆ’ ಪದ್ಯವೇ ಕೆಡುತ್ತದೆ. ಆದುದರಿಂದ ಒಂದೇ ಕಡತದಲ್ಲಿ ಗದ್ಯವೂ ಪದ್ಯವೂ ಬೆರೆತಿರುವ ಚಂಪೂಕಾವ್ಯಗಳನ್ನು ಸಾಲುಗೊಳಿಸುವ ಮುನ್ನ ಪದ್ಯಭಾಗಗಳನ್ನು ಗುರುತಿಸಿ ಹೊರಗಿಡಬೇಕು.

ಈಗಾಗಲೇ ಕತ್ತರಿಸಿಹೋದ ಕಡತಗಳನ್ನು ಮೊದಲಿನಂತೆ ಮಾಡಬಹುದೇ? ಸೋಜಿಗವೆಂದರೆ, ತೀರ ಒರಟಾಗಿ ಕತ್ತರಿಸಿದ ಕಡತವೇ ಸುಲಭವಾಗಿ ಸರಿಹೋಗುತ್ತದೆ. ಪ್ರತಿ ಸಾಲಿನಲ್ಲಿಯೂ ಖಚಿತವಾಗಿ 72 ಸಂಕೇತಗಳಿದ್ದರೆ ಸಾಲುಗಳನ್ನು ಏನನ್ನೂ ಸೇರಿಸದೆ ಒಂದಕ್ಕೊಂದು ಜೋಡಿಸಿದರೆ ಸಾಕು. ತೆರಪುಗಳು ಅವುಗಳ ಸ್ಥಾನದಲ್ಲಿಯೇ ಇರುತ್ತವೆ. ನಡುವೆ ಯಾರಾದರೂ ಸಾಲಿನ ಕೊನೆಯ ತೆರಪನ್ನು ಅಳಿಸಿದ್ದರೆ ಆ ಸಾಲು 71ಕ್ಕೆ ಇಳಿದಿರುತ್ತದೆ, ಅಲ್ಲಿ ಒಂದು ತೆರಪನ್ನು ಮರಳಿಸಬೇಕು. ನಮ್ಮ ‘ನಾಟಕ’ಗಳನ್ನು ಮರಳಿ ‘ಕರ್ನಾಟಕ’ ಮಾಡಿದ್ದು ಹೀಗೆಯೇ. ಪದಗಳನ್ನು ಗೌರವಿಸಿ ಮುರಿದ ಕಡತದಲ್ಲಿ ಸಾಲುಗಳ ಉದ್ದ ಒಂದೇ ಸಮನಾಗಿರುವುದಿಲ್ಲ. ಅಲ್ಲಿ ಸಾಲುಗಳ ನಡುವೆ ತೆರಪನ್ನಿಟ್ಟು ಸೇರಿಸಬೇಕು, ಆದರೆ ಬಲವಂತವಾಗಿ ಒಡೆದ ಉದ್ದನೆಯ ಪದಗಳ ನಡುವೆ ಇಡಬಾರದು. ಸಾಲು ಸ್ವರಚಿಹ್ನೆಯಿಂದಲೋ ಹಲಂತದಿಂದಲೋ ಆರಂಭವಾಗಿದ್ದರೆ ಅದು ಒಡೆದ ಪದವೆಂಬುದರಲ್ಲಿ ಸಂಶಯವಿಲ್ಲ. ಮೇಲಿನ ಸಾಲು ಹಲಂತದಿಂದ ಮುಗಿದು ಕೆಳಗಿನದು ವ್ಯಂಜನದಿಂದ ಆರಂಭವಾಗಿದ್ದರೆ ಮಾತ್ರ ಕ್ರಮವಿಧಿ ತಾನೇ ತೀರ್ಮಾನಿಸಲಾರದು. ‘ಕರ್’ ಬಳಿಕ ‘ನಾಟಕ’ ಬಂದರೆ ಸೇರಿಸಬೇಕು, ‘ಬಸ್’ ಬಳಿಕ ‘ನಿಲ್ದಾಣ’ ಬಂದರೆ ಸೇರಿಸಬಾರದು. ಇಂತಹ ಸ್ಥಳಗಳನ್ನು ಕ್ರಮವಿಧಿ ಪಟ್ಟಿ ಮಾಡಿಕೊಡಲಿ. ಒಂದೊಂದನ್ನೂ ಕನ್ನಡ ಬಲ್ಲವರು ಕಣ್ಣಿಟ್ಟು ನೋಡಬೇಕಾಗುತ್ತದೆ.